ಸಿಒ2 ಮೀಟರು ತಪ್ಪು ತೋರಿಸಿದರೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಬೆಳಕು ಹಾಯಿಸಿ ಸಿಒ2 (ಕಾರ್ಬನ್ ಡೈಆಕ್ಸೈಡ್) ತರಹದ ಅನಿಲ ಅಳೆಯುವ ಮೀಟರು ಪೂರ್ತಿ ಕೆಟ್ಟು ನಿಲ್ಲುವುದು ಅಪರೂಪ. ಪರದೆ ಬೆಳಗುತ್ತಿರುತ್ತದೆ, ಅಂಕಿ ಬದಲಾಗುತ್ತಿರುತ್ತದೆ, ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅಂಕಿ ಮಾತ್ರ ನಿಜದಿಂದ ನೂರೋ ಐನೂರೋ ದೂರ ಇರುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆ ಅಣಬೆ ಶೆಡ್ಡು, ಕಾಲೇಜು ಪ್ರಾಜೆಕ್ಟು, ತರಗತಿಯ ಗೋಡೆ, ಹೆದ್ದಾರಿ ಬದಿಯ ಹೊಗೆ ತಪಾಸಣೆ ಕೇಂದ್ರ, ಹೀಗೆ ಬೇರೆಬೇರೆ ಕಡೆ ಬಳಕೆಯಾಗುವ ಮೀಟರುಗಳ ಒಳಗಿನ ತತ್ವ ಒಂದೇ. ಹಾಗಾಗಿ ದೋಷಗಳೂ ಬಹುಪಾಲು ಅವೇ.

ಒಂದು ಸಣ್ಣ ಕೊಳವೆ ಅಥವಾ ಚಿನ್ನದ ಲೇಪನದ ಗೂಡು. ಅದರ ಒಂದು ತುದಿಯಲ್ಲಿ ಅವಗೆಂಪು ಕಿರಣ ಬಿಡುವ ಪುಟ್ಟ ಬಲ್ಬು, ಇನ್ನೊಂದು ತುದಿಯಲ್ಲಿ ಡಿಟೆಕ್ಟರು. ಡಿಟೆಕ್ಟರಿನ ಮುಂದೆ 4.26 ಮೈಕ್ರೋಮೀಟರ್ ತರಂಗಾಂತರವನ್ನಷ್ಟೇ ಬಿಡುವ ಫಿಲ್ಟರು. ಸಿಒ2 ಹೀರುವುದು ಆ ಬೆಳಕನ್ನೇ. ಅನಿಲ ಹೆಚ್ಚಿದ್ದಷ್ಟೂ ಡಿಟೆಕ್ಟರಿಗೆ ತಲುಪುವ ಬೆಳಕು ಕಡಿಮೆ. ಮೀಟರಿಗೆ ಗೊತ್ತಾಗುವುದು ಬೆಳಕು ಎಷ್ಟು ಕಳೆದುಹೋಯಿತು ಎಂಬುದಷ್ಟೇ. ತಿಂದದ್ದು ಅನಿಲವೋ, ಧೂಳೋ, ನೀರಿನ ಹನಿಯೋ, ಮುಪ್ಪಾದ ಬಲ್ಬೋ ಎಂದು ಅದಕ್ಕೆ ತಿಳಿಯದು. ದೋಷ ಹುಡುಕುವುದೆಂದರೆ ಈ ಪ್ರಶ್ನೆಗೆ ನಾವು ಉತ್ತರ ಕಂಡುಕೊಳ್ಳುವುದು.

ಕೈ ಹಾಕುವ ಮೊದಲು

ಈ ಸೀಮೆಯ ಕೆಲವು ಊರುಗಳಲ್ಲಿ ಜೋಳ ತುಂಬುವ ನೆಲದಡಿಯ ಹಗೇವು ಇವತ್ತಿಗೂ ಇವೆ. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕವನ್ನು ಎಳೆದುಕೊಂಡು ಸಿಒ2 ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹಗೇವು, ಹಾಳುಬಾವಿ, ಸೈಲೇಜ್ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ ಇವುಗಳೊಳಗೆ ಇಳಿಯಬಹುದೇ ಎಂದು ತೀರ್ಮಾನಿಸಲು ಇಲ್ಲಿ ಹೇಳುವ ಯಾವ ಮೀಟರನ್ನೂ ಬಳಸಬೇಡಿ. 5,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಅನಿಲ) ಮಿತಿಯ ಸೆನ್ಸರು ಒಳಗೆ 40,000 ಇದ್ದರೂ 5,000ಕ್ಕೇ ನಿಂತುಬಿಡುತ್ತದೆ. ಆಮ್ಲಜನಕ ಎಷ್ಟಿದೆ, ಬೇರೆ ವಿಷಾನಿಲ ಇದೆಯೇ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ದೀಪ ಇಳಿಬಿಟ್ಟು ನೋಡುವ ರೂಢಿಯೂ ಸಾಲದು. ಗೋಬರ್ ಗ್ಯಾಸ್ ತೊಟ್ಟಿಯಲ್ಲಂತೂ ಅದರಿಂದ ಸ್ಫೋಟವಾಗುತ್ತದೆ. ಒಳಗೆ ಒಬ್ಬರು ಕುಸಿದರೆ ಎತ್ತಲೆಂದು ಇನ್ನೊಬ್ಬರು ಇಳಿಯಬಾರದು. 112ಕ್ಕೆ ಕರೆ ಮಾಡಿ.

ಅಂಕಿಗಳ ಅಂದಾಜು ಇರಲಿ: ಎಂಟು ತಾಸಿನ ಕೆಲಸಕ್ಕೆ ಸರಾಸರಿ 5,000 ಪಿಪಿಎಂ ಮಿತಿ, ಹದಿನೈದು ನಿಮಿಷಕ್ಕೆ 30,000. 40,000 ಎಂದರೆ ಜೀವಕ್ಕೇ ಅಪಾಯ. ನೈಟ್ರೋಜನ್ ಅಥವಾ ಸಿಒ2 ಸಿಲಿಂಡರನ್ನು ನೇರ ನಿಲ್ಲಿಸಿ, ಗೋಡೆಗೆ ಸರಪಳಿ ಹಾಕಿ, ಕಿಟಕಿ ಬಾಗಿಲು ತೆರೆದಿಟ್ಟು ಮಾತ್ರ ಬಳಸಿ. ನೈಟ್ರೋಜನ್ನಿಗೆ ವಾಸನೆಯಿಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದೇ ಸದ್ದಿಲ್ಲದೆ ಕೊಲ್ಲುತ್ತದೆ.

ಒಗ್ಗರಣೆ ಹಾಕಿದರೆ, ಊದುಬತ್ತಿ ಹಚ್ಚಿದರೆ ಅಂಕಿ ಸಾವಿರಾರು ಏರುತ್ತದೆ

ಮೊದಲು ನೋಡಬೇಕಾದದ್ದು ನಿಮ್ಮ ಮೀಟರು ಬೆಳಕಿನಿಂದ ಅಳೆಯುತ್ತದೆಯೇ ಎಂಬುದನ್ನೇ. ಅಗ್ಗದ ಎಷ್ಟೋ ಮೀಟರುಗಳಲ್ಲಿ ಇರುವುದು ಬಿಸಿಯಾದ ಲೋಹದ ಆಕ್ಸೈಡಿನ ಸೆನ್ಸರು. ಅದು ವಾಸನೆಯ ಆವಿಗಳನ್ನು ಹಿಡಿದು, ‘ಸಿಒ2 ಇಷ್ಟಿರಬಹುದು’ ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಡಬ್ಬಿಯ ಮೇಲೆ ‘ಇಸಿಒ2’ ಎಂದಿದ್ದರೆ ಅದು ಈ ಜಾತಿ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರನ್ನು ಹತ್ತಿಗೆ ಒಂದೆರಡು ಹನಿ ಬಿಟ್ಟು, ಬೆಂಕಿಯಿಂದ ದೂರದಲ್ಲಿ, ಮೀಟರಿನ ರಂಧ್ರದ ಹತ್ತಿರ ಹಿಡಿಯಿರಿ. ನೀವು ಉಸಿರು ಬಿಗಿಹಿಡಿದಿರಬೇಕು. ಅಂಕಿ ಧಡ್ಡನೆ ಏರಿದರೆ ಅದು ಬೆಳಕಿನ ಮೀಟರಲ್ಲ. ಅದಕ್ಕೆ ಎಷ್ಟು ಕ್ಯಾಲಿಬ್ರೇಷನ್ (ಗೊತ್ತಿರುವ ಗಾಳಿಗೆ ಅಂಕಿ ಹೊಂದಿಸುವುದು) ಮಾಡಿದರೂ ಸಿಒ2 ಅಳೆಯಲು ಬಾರದು, ಮುಂದಿನ ಯಾವ ಸಲಹೆಯೂ ಅದಕ್ಕೆ ಹೊಂದುವುದಿಲ್ಲ. ಅಂಕಿ ಕದಲದಿದ್ದರೆ ಮುಂದೆ ಓದಿ.

ಹೊರಗಡೆ ಹಿಡಿದರೂ 425ರ ಆಸುಪಾಸು ಬರುವುದಿಲ್ಲ

ಹೊರಗಿನ ಗಾಳಿಯೇ ನಮಗೆ ಪುಕ್ಕಟೆ ಸಿಗುವ ಅಳತೆಗಲ್ಲು. ಈಗ ಅದರಲ್ಲಿ ಸುಮಾರು 425 ಪಿಪಿಎಂ ಸಿಒ2 ಇದೆ. ಆದರೆ ಎಲ್ಲಿ, ಯಾವ ಹೊತ್ತಿಗೆ ಅಳೆಯುತ್ತೀರಿ ಎಂಬುದು ಮುಖ್ಯ. ನಸುಕಿನಲ್ಲಿ ಗಾಳಿ ಅಲುಗದೆ ನಿಂತಿರುತ್ತದೆ. ರಾತ್ರಿಯಿಡೀ ಮಣ್ಣು, ಬೆಳೆ, ಮರ ಉಸಿರಾಡಿದ ಸಿಒ2 ನೆಲದ ಹತ್ತಿರವೇ ಉಳಿದು 500 ದಾಟುವುದುಂಟು. ಅದು ಮೀಟರಿನ ತಪ್ಪಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ, ಗಾಳಿ ಬೀಸುವಾಗ, ಮಾಳಿಗೆ ಮೇಲೆ ಅಳೆಯಿರಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನಲ್ಲ, ಅಲ್ಲಿ ಇದಕ್ಕೆ ಒಳ್ಳೆಯ ಜಾಗ ಹುಡುಕುವ ಕಷ್ಟವೇ ಇಲ್ಲ. ಹೆದ್ದಾರಿ, ಜನರೇಟರು, ಅಡುಗೆಮನೆಯ ಕಿಟಕಿ, ಮಂಡಕ್ಕಿ ಭಟ್ಟಿಯ ಹೊಗೆ ಬರುವ ದಿಕ್ಕು ಬೇಡ.

ಮೀಟರು ಚಾಲೂ ಮಾಡಿದ ಮೂರು ನಿಮಿಷಕ್ಕೆ ಅಂಕಿ ಬರುತ್ತದೆ, ಅದನ್ನು ನಂಬಬೇಡಿ. ಅರ್ಧ ಗಂಟೆ ಬಿಡಿ. ನೆರಳಿನಲ್ಲಿಡಿ, ಆದರೆ ಗಾಳಿ ಆಡಬೇಕು. ಓದುವಾಗ ಗಾಳಿ ಹೋಗುವ ದಿಕ್ಕಿನಲ್ಲಿ, ಕನಿಷ್ಠ ಒಂದೂವರೆ ಮೀಟರ್ ದೂರ ನಿಂತುಕೊಳ್ಳಿ. ನಾವು ಬಿಡುವ ಉಸಿರಿನಲ್ಲಿ ಶೇಕಡಾ 4ರಷ್ಟು, ಅಂದರೆ 40,000 ಪಿಪಿಎಂ ಸಿಒ2 ಇರುತ್ತದೆ. ಬಗ್ಗಿ ನೋಡಿದ ಒಂದು ಉಸಿರು ಸಾಕು, ಹತ್ತು ನಿಮಿಷದ ಸರಾಸರಿ ಕೆಡುತ್ತದೆ.

ಸಾಮಾನ್ಯ ಸೆನ್ಸರುಗಳ ನಿಖರತೆ 50 ಪಿಪಿಎಂ ಆಚೀಚೆ, ಜೊತೆಗೆ ರೀಡಿಂಗಿನ ಶೇಕಡಾ 3ರಿಂದ 5. ಹಾಗಾಗಿ 375ರಿಂದ 480ರೊಳಗೆ ಬಂದರೆ ಅದನ್ನು ದೋಷ ಎನ್ನಲಾಗದು. ಅದರಾಚೆ ಹೋದರೆ ಅಂಕಿಯನ್ನೇ ಗಮನಿಸಿ.

170ರ ಹತ್ತಿರ ನಿಂತಿದೆಯೇ? ಮನೆಯಲ್ಲೋ ಕಾಲೇಜಿನಲ್ಲೋ ಎಂಎಚ್-ಝಡ್19ಬಿ ಎಂಬ ಬಿಡಿ ಸೆನ್ಸರು ಹಾಕಿ ಜೋಡಿಸಿದ ಮೀಟರುಗಳಲ್ಲಿ ಇದು ಪದೇಪದೇ ಕಾಣುತ್ತದೆ. ಸೆನ್ಸರಿನ ಮಿತಿ 5,000, ಪ್ರೋಗ್ರಾಮಿನಲ್ಲಿ ಪಲ್ಸ್ ಅಗಲದಿಂದ ಲೆಕ್ಕ ಹಾಕುವ ಸೂತ್ರದಲ್ಲಿ ಬರೆದದ್ದು 2,000. ಎಲ್ಲ ಅಂಕಿಯೂ 0.4 ಪಾಲಾಗುತ್ತದೆ, 425 ಹೋಗಿ 170 ಆಗುತ್ತದೆ. ಇದರ ಉಲ್ಟಾ ಆದರೆ ಹೊರಗಿನ ಗಾಳಿಯೇ 1,060 ತೋರಿಸುತ್ತದೆ. ಸೆನ್ಸರು ಸರಿಯಿದೆ, ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ತಿದ್ದಿದರೆ ಮುಗಿಯಿತು.

ಹೊರಗಡೆ 700–800 ಬಂದು, ಒಳಗೂ ಅಷ್ಟೇ ಹೆಚ್ಚಾಗಿ ಬಂದರೆ ಗೂಡಿನೊಳಗೆ ಬೆಳಕು ಕಳೆಯುತ್ತಿದೆ: ಧೂಳು, ತೇವ ಅಥವಾ ಮುಪ್ಪಾದ ಬಲ್ಬು. ಕಡಿಮೆ ಬಂದರೆ ಬಹುಮಟ್ಟಿಗೆ ಕ್ಯಾಲಿಬ್ರೇಷನ್ ತಪ್ಪಿದೆ.

ಅಣಬೆಯ ಕಾಂಡ ಉದ್ದ, ಕೊಡೆ ಚಿಕ್ಕದು. ಮೀಟರು ಮಾತ್ರ 700 ಅನ್ನುತ್ತಿದೆ

ಆಯ್ಸ್ಟರ್ ಅಣಬೆ ಮೊಗ್ಗೊಡೆಯುವ ಹೊತ್ತಿಗೆ ಶೆಡ್ಡಿನ ಸಿಒ2 ಸುಮಾರು 1,000 ಪಿಪಿಎಂ ಒಳಗಿರಬೇಕು. ಹೆಚ್ಚಾದರೆ ಕಾಂಡ ನೀಳವಾಗಿ ಚಾಚುತ್ತದೆ, ಕೊಡೆ ಅರಳುವುದಿಲ್ಲ, ತುತ್ತೂರಿಯ ಹಾಗೆ ಮಡಚಿಕೊಂಡಿರುತ್ತದೆ. ಹೀಗಾದಾಗ ಅಣಬೆಯನ್ನು ನಂಬಿ. ಅಣಬೆಗೆ ಕ್ಯಾಲಿಬ್ರೇಷನ್ ತಪ್ಪುವುದಿಲ್ಲ.

ಕಾರಣ ಸಾಮಾನ್ಯವಾಗಿ ಒಂದೇ: ಸೆನ್ಸರು ತನ್ನನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು. ಇದನ್ನು ಎಬಿಸಿ ಎಂದೋ ಎಎಸ್‌ಸಿ ಎಂದೋ ಕರೆಯುತ್ತಾರೆ. ಗೊತ್ತಾದ ಅವಧಿಯಲ್ಲಿ ಕಂಡ ಅತಿ ಕಡಿಮೆ ರೀಡಿಂಗನ್ನು ಸೆನ್ಸರು ‘ಇದು ಹೊರಗಿನ ಗಾಳಿ, ಇದೇ 400’ ಎಂದುಕೊಳ್ಳುತ್ತದೆ. ಎಂಎಚ್-ಝಡ್19ಬಿ ಇದನ್ನು 24 ತಾಸಿಗೊಮ್ಮೆ ಮಾಡುತ್ತದೆ, ಸೆನ್ಸ್‌ಏರ್ ಎಸ್8 ಸುಮಾರು 8 ದಿನಕ್ಕೊಮ್ಮೆ. ಸಂಜೆ ಬಾಗಿಲು ಹಾಕಿಕೊಂಡು ಹೋಗುವ ಕಚೇರಿಗೆ ಇದು ವರ. ಹಗಲು ರಾತ್ರಿ ಬೀಜದ ಚೀಲಗಳು ಉಸಿರಾಡುತ್ತಲೇ ಇರುವ ಶೆಡ್ಡಿಗೆ ಶಾಪ. ಅಲ್ಲಿ ದಿನದ ಕನಿಷ್ಠವೇ 900 ಇರಬಹುದು. ಮೀಟರು ಆ 900ನ್ನು 400 ಮಾಡಿಕೊಳ್ಳುತ್ತದೆ. ಮರುದಿನ ನಿಜವಾಗಿ 1,200 ಇರುವಾಗ 700 ತೋರಿಸುತ್ತದೆ. ನೀವು ಫ್ಯಾನು ಹಾಕುವುದಿಲ್ಲ. ಬೆಳೆ ಹೋಗುತ್ತದೆ.

ಮಲಗುವ ಕೋಣೆ, ಸದಾ ಜನ ಇರುವ ಹಾಸ್ಟೆಲ್ ರೂಮು, ದನದ ಕೊಟ್ಟಿಗೆ, ಕಾಳಿನ ಗೋದಾಮು ಇವೆಲ್ಲಕ್ಕೂ ಇದೇ ಮಾತು.

ಪತ್ತೆ ಸುಲಭ. ವಾರದ ದಾಖಲೆ ತೆಗೆದು ದಿನದಿನದ ಕನಿಷ್ಠ ಅಂಕಿ ನೋಡಿ. ಮುಚ್ಚಿದ ಶೆಡ್ಡಿನಲ್ಲೂ ಪ್ರತಿದಿನ ಕರಾರುವಾಕ್ಕಾಗಿ 400ಕ್ಕೇ ಇಳಿಯುತ್ತಿದ್ದರೆ ಎಬಿಸಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದನ್ನು ಆಫ್ ಮಾಡಿ. ಕೆಲವು ಮೀಟರುಗಳಲ್ಲಿ ಮೆನುವಿನಲ್ಲೇ ಇರುತ್ತದೆ, ಬಿಡಿ ಸೆನ್ಸರಿಗೆ ಸೀರಿಯಲ್ ತಂತಿಯಿಂದ ಆದೇಶ ಕಳಿಸಬೇಕು. ಆಫ್ ಮಾಡಿದ ಮೇಲೆ ತಿಂಗಳಿಗೊಮ್ಮೆ ಹೊರಗೆ ಒಯ್ದು ಕೈಯಾರೆ ಕ್ಯಾಲಿಬ್ರೇಟ್ ಮಾಡುವ ಜವಾಬ್ದಾರಿ ನಿಮ್ಮದು.

ಕೈಯಾರೆ ಮಾಡುವಾಗ ಒಂದು ಹೆಸರು ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಎಂಎಚ್-ಝಡ್19ಬಿಯಲ್ಲಿ ‘ಜೀರೋ ಕ್ಯಾಲಿಬ್ರೇಷನ್’ ಎಂದರೆ ಸೊನ್ನೆಯಲ್ಲ, 400. ಎಚ್‌ಡಿ ಪಿನ್ನನ್ನು 7 ಸೆಕೆಂಡಿಗಿಂತ ಹೆಚ್ಚು ಗ್ರೌಂಡಿಗೆ ತಾಗಿಸಿದರೆ ಆ ಕ್ಷಣದ ಗಾಳಿಯನ್ನು ಅದು 400 ಎಂದು ಬರೆದುಕೊಳ್ಳುತ್ತದೆ. ಹೆಸರು ನೋಡಿ ನೈಟ್ರೋಜನ್ ಹಾಯಿಸಿ ಇದನ್ನು ಮಾಡಿದರೆ ಸೊನ್ನೆಯೇ 400 ಆಗಿಬಿಡುತ್ತದೆ. ಹೊರಗಿನ ಗಾಳಿಯಲ್ಲಿ 20 ನಿಮಿಷ ಸ್ಥಿರವಾಗಿಟ್ಟ ಮೇಲೆಯೇ ಮಾಡಿ. ಬಳಸದ ಆ ಪಿನ್ನಿಗೆ ಉದ್ದ ತಂತಿ ಜೋತುಬಿಡಬೇಡಿ. ಅದು ಎಲ್ಲಾದರೂ ಗ್ರೌಂಡಿಗೆ ತಾಗಿ ಕೂತರೆ ಶೆಡ್ಡಿನ ಗಾಳಿಯೇ 400 ಎಂದು ದಾಖಲಾಗುತ್ತದೆ.

ಎಲ್ಲ ಮಟ್ಟದಲ್ಲೂ ಶೇಕಡಾ 7ರಿಂದ 12 ಕಡಿಮೆ

ಪ್ರಮಾಣೀಕೃತ ಅನಿಲ ಹಾಯಿಸಿದಾಗ ಅಥವಾ ಒಳ್ಳೆಯ ಮೀಟರಿನ ಪಕ್ಕ ಇಟ್ಟಾಗ ಈ ಲಕ್ಷಣ ಕಾಣುತ್ತದೆ. ಸೆನ್ಸರು ಹೊಸದು, ಧೂಳಿಲ್ಲ, ಆದರೂ 1,000 ಇರಬೇಕಾದಲ್ಲಿ 900. ಇದಕ್ಕೆ ಕಾರಣ ನಾವಿರುವ ಎತ್ತರ.

ಡಿಟೆಕ್ಟರು ಎಣಿಸುವುದು ಬೆಳಕಿನ ದಾರಿಗೆ ಅಡ್ಡ ಬರುವ ಅಣುಗಳನ್ನು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730. ಸಮುದ್ರಮಟ್ಟದಲ್ಲಿ 1013 ಹೆಕ್ಟೋಪ್ಯಾಸ್ಕಲ್ ಇರುವ ವಾಯುಒತ್ತಡ 600 ಮೀಟರಿನಲ್ಲಿ ಸುಮಾರು 943, 730ರಲ್ಲಿ ಸುಮಾರು 929. ಅದೇ ಗೂಡಿನೊಳಗೆ ಅಣುಗಳೇ ಶೇಕಡಾ 7–8 ಕಡಿಮೆ. ಇದರ ಮೇಲೆ, ಒತ್ತಡ ಇಳಿದಾಗ ಸಿಒ2 ಹೀರುವ ಗೆರೆಗಳೂ ಕಿರಿದಾಗುತ್ತವೆ. ಹಾಗಾಗಿ ನಿಜವಾದ ಕೊರತೆ ಅದಕ್ಕಿಂತ ತುಸು ಹೆಚ್ಚು. ಕೆಲವು ಸೆನ್ಸರುಗಳಲ್ಲಿ ಒಂದು ಕಿಲೋಪ್ಯಾಸ್ಕಲಿಗೆ (ಅಂದರೆ 10 ಹೆಕ್ಟೋಪ್ಯಾಸ್ಕಲಿಗೆ) ರೀಡಿಂಗು ಶೇಕಡಾ 1.6ರಷ್ಟು ಜಾರುತ್ತದೆ. ಆ ಲೆಕ್ಕದಲ್ಲಿ ದಾವಣಗೆರೆಯಲ್ಲಿ ಶೇಕಡಾ 11ರ ಹತ್ತಿರ ಬರುತ್ತದೆ. ಕಾರ್ಖಾನೆಯಲ್ಲಿ ಸಮುದ್ರಮಟ್ಟದ ಒತ್ತಡಕ್ಕೆ ಹೊಂದಿಸಿದ ಮೀಟರು ಇಲ್ಲಿ ತಪ್ಪು ಹೇಳಲೇಬೇಕು.

ಪರಿಹಾರಕ್ಕೆ ಖರ್ಚಿಲ್ಲ. ಎಸ್‌ಸಿಡಿ30 ತರಹದ ಸೆನ್ಸರಿಗೆ ಎತ್ತರ ಅಥವಾ ಒತ್ತಡ ಕೊಡುವ ಸೌಲಭ್ಯವಿದೆ. ಒತ್ತಡ ಕೊಟ್ಟರೆ ಎತ್ತರದ ಅಂಕಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲೊಂದು ಗುಂಡಿ ಇದೆ, ಬೀಳುವವರು ಬಹಳ. ಮೊಬೈಲಿನ ಹವಾಮಾನ ಆ್ಯಪ್ ದಾವಣಗೆರೆಗೆ 1010 ಎಂದು ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಹವಾಮಾನ ನಕ್ಷೆಯಲ್ಲಿ ಊರು ಊರನ್ನು ಹೋಲಿಸಲು ಅದು ಬೇಕು, ನಮ್ಮ ಗೂಡಿನೊಳಗೆ ಇರುವುದು 943. ಆ್ಯಪಿನ 1010ನ್ನು ಸೆನ್ಸರಿಗೆ ಬರೆದರೆ ತಿದ್ದುಪಡಿ ಆಗಲೇ ಇಲ್ಲ ಎಂದು ತಿಳಿಯಿರಿ. ಬಿಎಂಪಿ280 ತರಹದ ಸಣ್ಣ ಒತ್ತಡದ ಚಿಪ್ಪನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಅದರ ನೇರ ಅಂಕಿ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನೊಂದು ಎಚ್ಚರಿಕೆ, ಎರಡು ಸಲ ತಿದ್ದಬೇಡಿ. ಒತ್ತಡ ಕೊಡದೆ ಇಲ್ಲಿಯ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿದ ಸೆನ್ಸರಿನಲ್ಲಿ ಎತ್ತರದ ಪರಿಣಾಮ ಸ್ವಲ್ಪವಾದರೂ ಆಗಲೇ ಸೇರಿಹೋಗಿರುತ್ತದೆ. ಆಮೇಲೆ ಒತ್ತಡವನ್ನೂ ಸೇರಿಸಿದರೆ ರೀಡಿಂಗು ಮೇಲಕ್ಕೆ ಹಾರುತ್ತದೆ. ಮೊದಲು ಒತ್ತಡ, ಆಮೇಲೆ ಕ್ಯಾಲಿಬ್ರೇಷನ್. ಈ ಕ್ರಮ ಬದಲಿಸಬೇಡಿ.

ಮಳೆಗಾಲದಲ್ಲಿ, ನೀರು ಸಿಂಪಡಿಸಿದ ಮೇಲೆ ಅಂಕಿ ತಾರಾಮಾರು

ಆವಿ ಬೇರೆ, ಹನಿ ಬೇರೆ. ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು.

ಗಾಳಿಯಲ್ಲಿರುವ ನೀರಾವಿ 4.26 ಮೈಕ್ರೋಮೀಟರಿನಲ್ಲಿ ಹೆಚ್ಚೇನೂ ಹೀರುವುದಿಲ್ಲ. ಆದರೆ ಜಾಗ ಹಿಡಿಯುತ್ತದೆ. 25 ಡಿಗ್ರಿ, ಶೇಕಡಾ 90 ತೇವಾಂಶದ ಶೆಡ್ಡಿನಲ್ಲಿ ಗಾಳಿಯ ಶೇಕಡಾ 3ರಷ್ಟು ನೀರಾವಿಯೇ. ಒಣಗಿಸಿ ಅಳೆದರೆ 1,000 ಬರುವ ಗಾಳಿ ಹಾಗೇ ಅಳೆದಾಗ 970. ಶೆಡ್ಡಿನ ಫ್ಯಾನಿಗೆ ಇದು ಲೆಕ್ಕಕ್ಕಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಒಣ ಗಾಳಿಯ ಲೆಕ್ಕವೋ ಹಸಿ ಗಾಳಿಯದೋ ಎಂದು ಬರೆಯಲೇಬೇಕು.

ಹನಿ ಕಟ್ಟಿದರೆ ಕಥೆ ಬೇರೆ. ಗೂಡಿನ ಕನ್ನಡಿಯಂಥ ಗೋಡೆಯ ಮೇಲೆ ಮಂಜು ಕೂತರೆ ಬೆಳಕು ಚದುರಿ ಡಿಟೆಕ್ಟರಿಗೆ ತಲುಪುವುದಿಲ್ಲ, ಮೀಟರು ಅದನ್ನೂ ಸಿಒ2 ಎಂದೇ ಓದುತ್ತದೆ. ಅಂಕಿ ಮಿತಿಯ ತುದಿಗೆ ಹೋಗಿ ನಿಲ್ಲುತ್ತದೆ, ಒಣಗಿದ ಮೇಲೆ ತಾನೇ ಇಳಿಯುತ್ತದೆ. ಏರಿಳಿತ ನೀರು ಸಿಂಪಡಿಸಿದ ಹೊತ್ತಿಗೆ ತಾಳೆಯಾದರೆ ಬೇರೆ ಪುರಾವೆ ಬೇಡ. ಮೀಟರನ್ನು ಸ್ಪ್ರೇ ತಾಗದ ಕಡೆ, ನೆಲದಿಂದ ಮೇಲೆ, ರಂಧ್ರ ಕೆಳಮುಖ ಮಾಡಿ ತೂಗುಹಾಕಿ. ಪೆಟ್ಟಿಗೆ ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಮಂಜು ಕೂರುವುದಿಲ್ಲ. ಆದ್ದರಿಂದ ರಾತ್ರಿ ಮೀಟರು ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುವ ಅಭ್ಯಾಸ ಬಿಡಿ, ಅದರ ಸ್ವಂತ ಬಿಸಿಯೇ ಅದಕ್ಕೆ ರಕ್ಷಣೆ. ತಂಪಾದ ಕೋಣೆಯಿಂದ ಹೊರತಂದ ಮೀಟರನ್ನು ಅರ್ಧ ಗಂಟೆ ಬಿಟ್ಟೇ ಓದಿ.

ಹೇರ್ ಡ್ರೈಯರಿನ ಬಿಸಿ ಗಾಳಿ ಹಾಯಿಸಬೇಡಿ. ಗೂಡಿನೊಳಗೆ ಬಟ್ಟೆಯೋ ಹತ್ತಿಯೋ ಹಾಕಿ ಒರೆಸಲೂಬಾರದು. ಚಿನ್ನದ ಲೇಪನ ಒಂದೇ ಉಜ್ಜಿಗೆ ಗೀರಾಗುತ್ತದೆ, ಅಲ್ಲಿಗೆ ಆ ಸೆನ್ಸರು ಮುಗಿಯಿತು.

ಅಂಕಿ ಒಂದು ಕಡೆ ನಿಲ್ಲದೆ 50–100 ಕುಣಿಯುತ್ತದೆ

ಗಾಳಿಯೇ ಕದಲುತ್ತಿದೆಯೋ ನೋಡಲು ಮೀಟರನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿ. ಐದು ನಿಮಿಷದಲ್ಲಿ ಅಂಕಿ ನೆಟ್ಟಗಾದರೆ ಮೀಟರಿನಲ್ಲಿ ತಪ್ಪಿಲ್ಲ. ಡಬ್ಬಿಯೊಳಗೂ ಕುಣಿದರೆ ಕರೆಂಟು ನೋಡಿ. ಬಲ್ಬು ಸದಾ ಉರಿಯುವುದಿಲ್ಲ, ಮಿಡಿಯುತ್ತದೆ. ಪ್ರತಿ ಮಿಡಿತಕ್ಕೆ 150ರಿಂದ 300 ಮಿಲಿಆಂಪಿಯರ್ ಎಳೆಯುತ್ತದೆ. ತೆಳ್ಳಗಿನ, ಉದ್ದದ ಯುಎಸ್‌ಬಿ ಕೇಬಲ್ಲಿನಲ್ಲಿ ಆ ಕ್ಷಣಕ್ಕೆ 5 ವೋಲ್ಟ್ 4.5ಕ್ಕೂ ಕೆಳಗೆ ಬೀಳುತ್ತದೆ, ಬಲ್ಬಿನ ಬೆಳಕು ಒಮ್ಮೊಮ್ಮೆ ಒಂದೊಂದು ಥರ. ಮೊದಲು ಕೇಬಲ್ಲು, ಅಡಾಪ್ಟರು ಬದಲಿಸಿ. ಆಮೇಲೆ ಸೆನ್ಸರಿನ ಕಾಲಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರ್ ಹಾಕಿ. ಪಂಪು, ರಿಲೇ, ಫ್ಯಾನಿಗೆ ಬೇರೆ ಸಪ್ಲೈ ಕೊಡಿ. 230 ವೋಲ್ಟಿನ ಅಡಾಪ್ಟರನ್ನು ಬಿಚ್ಚುವ ಕೆಲಸಕ್ಕೆ ಹೋಗಬೇಡಿ, ಹೊಸದು ತನ್ನಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ಜಾರುತ್ತದೆ

ತಗಡಿನ ಶೆಡ್ಡಿನ ಲಕ್ಷಣ ಇದು. ಏಪ್ರಿಲಿನಲ್ಲಿ ತಗಡಿನ ಕೆಳಗೆ ತೂಗುಹಾಕಿದ ಪೆಟ್ಟಿಗೆಯೊಳಗೆ 50 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ, ಬಹುತೇಕ ಸೆನ್ಸರುಗಳ ಮಿತಿಯೂ ಅಷ್ಟೇ. ಗಾಳಿ 25ರಿಂದ 40 ಡಿಗ್ರಿಗೆ ಕಾದರೆ ಹಿಗ್ಗಿ, ಗೂಡಿನೊಳಗಿನ ಅಣುಗಳು ಶೇಕಡಾ 5 ಕಡಿಮೆಯಾಗುತ್ತವೆ. ಸೆನ್ಸರು ತನ್ನ ಉಷ್ಣಾಂಶ ನೋಡಿ ಇದನ್ನು ತಿದ್ದಿಕೊಳ್ಳುತ್ತದೆ. ಆದರೆ ಬಿಸಿಲು ನೇರ ಬಿದ್ದು ಪೆಟ್ಟಿಗೆಯ ಒಂದು ಮಗ್ಗುಲು ಮಾತ್ರ ಕಾದರೆ ಆ ತಿದ್ದುಪಡಿಯೇ ತಪ್ಪಾಗುತ್ತದೆ. ತಗಡಿನಿಂದ ಎರಡು ಮೂರು ಅಡಿ ಕೆಳಗಿಳಿಸಿ, ಬಿಳಿ ಪೆಟ್ಟಿಗೆಗೆ ಹಾಕಿ.

ಅಂಕಿ ಏರಲು, ಇಳಿಯಲು ಬಹಳ ಹೊತ್ತು

ರಂಧ್ರದ ಮೇಲೆ ಧೂಳು ತಡೆಯುವ ಫಿಲ್ಟರು ಕಟ್ಟಿದೆ. ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮಿನ ಹತ್ತಿರ ಬಿಳಿ ಫಿಲ್ಟರು ಎರಡು ಮೂರು ತಿಂಗಳಿಗೇ ಕಂದು ಬಣ್ಣಕ್ಕೆ ತಿರುಗಬಹುದು. ಒಮ್ಮೆ ಉಸಿರು ಬಿಟ್ಟು ನೋಡಿ: ಅಂಕಿ ಅರ್ಧಕ್ಕಿಳಿಯಲು ಹೊಸದರಲ್ಲಿ ಎಷ್ಟು ಸೆಕೆಂಡ್ ಬೇಕಿತ್ತೋ ಅದರ ಎರಡರಷ್ಟಾದರೆ ಬದಲಿಸಿ. ಊದಿ ಶುಚಿ ಮಾಡಲು ಹೋದರೆ ಧೂಳು ಒಳಗೇ ಹೋಗುತ್ತದೆ.

ಪಂಪಿನಿಂದ ಗಾಳಿ ಎಳೆಯುವ ಮೀಟರಾದರೆ ಸೋರಿಕೆ ನೋಡಿ. ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿದರೆ ಫ್ಲೋಮೀಟರಿನ ಗುಂಡು ತಳಕ್ಕೆ ಕೂರಬೇಕು. ತೇಲುತ್ತಿದ್ದರೆ ಎಲ್ಲೋ ಕೋಣೆಯ ಗಾಳಿ ಸೇರುತ್ತಿದೆ. ತುದಿಯಿಂದ ಪಂಪಿನತ್ತ ಒಂದೊಂದೇ ಜೋಡಣೆಯನ್ನು ಚಿವುಟಿ ಹಿಡಿದು ಮುಂದುವರಿಯಿರಿ. ಎಲ್ಲಿ ಚಿವುಟಿದಾಗ ಗುಂಡು ಬೀಳುತ್ತದೋ ಸೋರಿಕೆ ಅದರ ಹಿಂದೆ, ತುದಿಯ ಕಡೆಗಿದೆ. ಸಿಲಿಕೋನ್ ಪೈಪು ಮೆತ್ತಗೆ ಚೆನ್ನಾಗಿರುತ್ತದೆ, ಆದರೆ ಅದರ ಗೋಡೆಯ ಮೂಲಕವೇ ಸಿಒ2 ದಾಟುತ್ತದೆ. ಉದ್ದದ ಸಾಲಿಗೆ ಪಾಲಿಯುರೆಥೇನ್ ಅಥವಾ ಟೆಫ್ಲಾನ್ ಹಾಕಿ. 4 ಮಿಮೀ ಒಳವ್ಯಾಸದ 10 ಮೀಟರ್ ಪೈಪಿನಲ್ಲಿ 125 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಎಳೆದರೆ 15 ಸೆಕೆಂಡ್ ತಡವಾಗುವುದು ಸಹಜ, ಅದನ್ನು ದೋಷ ಎನ್ನಬೇಡಿ.

ಕಡಿಮೆ ಇದ್ದಾಗ ಸರಿ, ಹೆಚ್ಚಾದಾಗ ತಪ್ಪು

ಸಾವಿರ ಪಿಪಿಎಂ ನೂರರಲ್ಲಿ ಹತ್ತು ಪಾಲು ಬೆಳಕು ತಿನ್ನುತ್ತದೆ ಅಂದುಕೊಳ್ಳಿ. ಎರಡು ಸಾವಿರ ತಿನ್ನುವುದು ಇಪ್ಪತ್ತಲ್ಲ, ಹತ್ತೊಂಬತ್ತು; ಎರಡನೆಯ ಸಾವಿರಕ್ಕೆ ಸಿಗುವುದು ಉಳಿದ ತೊಂಬತ್ತರ ಹತ್ತನೇ ಒಂದು ಭಾಗ. ಐದು ಸಾವಿರಕ್ಕೆ 41, ಹತ್ತು ಸಾವಿರಕ್ಕೆ 65. ನಿಜವಾದ ಸೆನ್ಸರಿನಲ್ಲಿ ಗೆರೆ ಇದಕ್ಕಿಂತಲೂ ಬೇಗ ಬಾಗುತ್ತದೆ. ಹಾಗಾಗಿ ಹೊರಗಿನ ಗಾಳಿ ಎಂಬ ಒಂದೇ ಬಿಂದುವಿನಲ್ಲಿ ಸರಿ ಮಾಡಿದ ಮೀಟರು 5,000ದಲ್ಲೂ ಸರಿ ಇರುತ್ತದೆ ಎನ್ನಲು ಆಧಾರವಿಲ್ಲ. ನೀವು ಅಳೆಯುವ ಮಟ್ಟದ ಹತ್ತಿರ ಎರಡನೆಯ ಬಿಂದು ಬೇಕು.

ಸೊನ್ನೆಯ ಬಿಂದುವಿಗೆ ಸಿಲಿಂಡರ್ ಇಲ್ಲದಿದ್ದರೆ ಗಾಳಿಯನ್ನು ಸೋಡಾ ಲೈಮ್ ತುಂಬಿದ ಕೊಳವೆಯ ಮೂಲಕ ನಿಧಾನಕ್ಕೆ ಹಾಯಿಸಿ. ಅದು ಸಿಒ2 ಹೀರುವಾಗ ತೇವ ಬಿಡುತ್ತದೆ, ಆದ್ದರಿಂದ ಅದರ ನಂತರ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಿಸುವ ಜಾತಿಯ ಸೋಡಾ ಲೈಮ್ ನೇರಳೆಗೆ ತಿರುಗಿದರೆ ಮುಗಿದಿದೆ ಎಂದರ್ಥ. ಅದು ಚರ್ಮ, ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕ ಇರಲಿ.

ಮೇಲಿನ ಬಿಂದುವಿಗೆ ಪ್ರಮಾಣಪತ್ರವಿರುವ ಅನಿಲವೇ ಬೇಕು. ಅದರ ಮೇಲೆ ಶೇಕಡಾ 5 ಆಚೀಚೆ ಎಂದಿದ್ದರೆ, ಮೀಟರನ್ನು ಶೇಕಡಾ 3ಕ್ಕೆ ಹೊಂದಿಸಿದೆ ಎಂದು ಹೇಳಿಕೊಳ್ಳುವಂತಿಲ್ಲ. ಮುಗಿದ ದಿನಾಂಕವನ್ನೂ ನೋಡಿ. ರೆಗ್ಯುಲೇಟರಿನ ಪೈಪನ್ನು ನೇರ ಗೂಡಿಗೆ ಸಿಕ್ಕಿಸಿದರೆ ಒತ್ತಡ ಏರಿ ಅಂಕಿಯೂ ಏರುತ್ತದೆ. ನಡುವೆ ಟಿ ಜೋಡಣೆ ಹಾಕಿ ಒಂದು ಬಾಯಿ ತೆರೆದಿಡಿ. ನಿಮಿಷಕ್ಕೆ ಅರ್ಧ ಲೀಟರ್, ಐದು ನಿಮಿಷ, ಆಮೇಲೆ ಓದು.

ಹೊಗೆ ತಪಾಸಣೆ ಯಂತ್ರದಲ್ಲಿ

ಪೆಟ್ರೋಲ್ ಗಾಡಿಯ ಅನಾಲೈಸರಿನಲ್ಲಿ ಕಾರ್ಬನ್ ಮೊನಾಕ್ಸೈಡ್, ಸಿಒ2, ಹೈಡ್ರೋಕಾರ್ಬನ್ ಮೂರನ್ನೂ ಅವಗೆಂಪು ಬೆಳಕಿನಿಂದಲೇ ಅಳೆಯುತ್ತಾರೆ. ಆಮ್ಲಜನಕಕ್ಕೆ ಮಾತ್ರ ಬೇರೆ ರಾಸಾಯನಿಕ ಸೆನ್ಸರು, ಏಕೆಂದರೆ ಅದು ಅವಗೆಂಪನ್ನು ಹೀರುವುದಿಲ್ಲ.

ಬಿಸಿಯಾದ, ಸುಸ್ಥಿತಿಯ ಕಾರಿಗೆ ಸಿಒ2 ಶೇಕಡಾ 14–15 ಬರಬೇಕು, ಗ್ಯಾಸ್ ಆಟೋಗೆ ಇದಕ್ಕಿಂತ ಕಡಿಮೆ. ಸಿಒ2 8–10 ಬಂದು ಆಮ್ಲಜನಕ 5ಕ್ಕಿಂತ ಮೇಲೆ ಏರಿದ್ದರೆ ಗಾಳಿ ಬೆರೆಯುತ್ತಿದೆ: ಪ್ರೋಬ್ ಸಾಕಷ್ಟು ಒಳಗಿಲ್ಲ (ಸುಮಾರು 300 ಮಿಮೀ ಹೋಗಬೇಕು), ಸೈಲೆನ್ಸರ್ ತೂತಾಗಿದೆ, ಅಥವಾ ಪೈಪು ಬಿರುಕು ಬಿಟ್ಟಿದೆ. ಗಾಡಿಯಿಂದ ತೆಗೆದ ಮೇಲೂ ಹೈಡ್ರೋಕಾರ್ಬನ್ 20 ಪಿಪಿಎಂ ಕೆಳಗಿಳಿಯದಿದ್ದರೆ ಪೈಪಿನೊಳಗೆ ಎಣ್ಣೆ, ಮಸಿ ಅಂಟಿದೆ. ಹಿಂದಿನ ಗಾಡಿಯ ಹೊಗೆ ಮುಂದಿನ ಗಾಡಿಯ ಖಾತೆಗೆ ಬೀಳುತ್ತದೆ. ನೀರಿನ ಟ್ರ್ಯಾಪ್ ಖಾಲಿ ಮಾಡಿ, ಫಿಲ್ಟರು, ಪೈಪು ಬದಲಿಸಿ.

ಹೈಡ್ರೋಕಾರ್ಬನ್ ಸರಿಸುಮಾರು ಎರಡು ಪಟ್ಟು ತಪ್ಪಾಗಿದ್ದರೆ ಕೊನೆಯ ಕ್ಯಾಲಿಬ್ರೇಷನ್ನಿನ ಚೀಟಿ ತೆಗೆದು ನೋಡಿ. ಸಿಲಿಂಡರಿನಲ್ಲಿರುವುದು ಪ್ರೊಪೇನ್, ಯಂತ್ರ ತೋರಿಸುವುದು ಹೆಕ್ಸೇನ್ ಲೆಕ್ಕ. ಯಂತ್ರದ ಮೇಲೆ ಬರೆದಿರುವ, ಪ್ರೊಪೇನನ್ನು ಹೆಕ್ಸೇನ್ ಲೆಕ್ಕಕ್ಕೆ ತರುವ ಪಿಇಎಫ್ ಅಂಕಿಯಿಂದ (ಸಾಮಾನ್ಯವಾಗಿ 0.5ರ ಆಸುಪಾಸು) ಗುಣಿಸಿಯೇ ಅಂಕಿ ಕೊಡಬೇಕು: 2,000 ಪ್ರೊಪೇನ್ ಎಂದರೆ ಸುಮಾರು 1,000. ಗುಣಿಸುವುದು ಮರೆತರೆ ಒಳ್ಳೆಯ ಗಾಡಿಗಳೂ ಫೇಲಾಗುತ್ತವೆ.

ಇಂಜಿನ್ ಓಡುವ ಜಾಗ ತೆರೆದಿರಲಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಇಂಜಿನ್ ಆಫ್ ಮಾಡಿ ಹೊರಗೆ ಬನ್ನಿ.

ಎಲ್ಲಿಗೆ ನಿಲ್ಲಿಸಬೇಕು

ಸೀಲ್ ಇರುವ ತಪಾಸಣೆ ಯಂತ್ರದಲ್ಲಿ ಫಿಲ್ಟರು, ಪೈಪು, ಟ್ರ್ಯಾಪ್ ಇಷ್ಟೇ ನಿಮ್ಮ ಪಾಲು. ಸೀಲ್ ಒಡೆಯುವ ಕೆಲಸ ಅಧಿಕೃತ ಸರ್ವೀಸಿನವರದು, ಅವರು ಬರುವವರೆಗೆ ಪ್ರಮಾಣಪತ್ರ ಕೊಡಬೇಡಿ. ಆಮ್ಲಜನಕದ ಅಂಕಿ ಶುದ್ಧ ಗಾಳಿಯಲ್ಲಿ 20.9ಕ್ಕೆ ಬಾರದೆ ಹೋದರೆ ಅದರ ಸೆನ್ಸರಿನ ಆಯಸ್ಸು ಮುಗಿದಿದೆ. ಅದನ್ನು ಹೊಂದಿಸಲಾಗದು, ಬದಲಿಸಬೇಕು.

ಬಿಡಿ ಸಿಒ2 ಸೆನ್ಸರಿನಲ್ಲಿ ಬಲ್ಬಿನ ಮಿಡಿತವನ್ನು ಕೆಲವು ಸಲ ಕತ್ತಲಲ್ಲಿ ಕಣ್ಣಿನಿಂದಲೇ ನೋಡಬಹುದು, ರಂಧ್ರದ ಆಳದಲ್ಲಿ ಮಂದ ಕೆಂಪು ಮಿನುಗು. ತಂತುವಿನ ಬಲ್ಬಿರುವ ಸೆನ್ಸರಿನಲ್ಲಿ ಹಿಂದೆ ಕಾಣುತ್ತಿದ್ದ ಮಿನುಗು ಈಗ ಇಲ್ಲ, ಸಪ್ಲೈ 5 ವೋಲ್ಟ್ ಸರಿಯಿದೆ, ಅಂಕಿ ತುದಿಗೆ ಅಂಟಿಕೊಂಡಿದೆ ಅಂದರೆ ಬಲ್ಬು ಹೋಗಿದೆ. ಬಲ್ಬು ಮಾತ್ರ ಬದಲಿಸಿದರೆ ಹಳೆಯ ಕ್ಯಾಲಿಬ್ರೇಷನ್ ಹೊಂದುವುದಿಲ್ಲ. ಸೆನ್ಸರೇ ಹೊಸದು ಹಾಕಿ. ಹೊರಗಿನ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿದ ಮೂರೇ ದಿನಕ್ಕೆ ಮತ್ತೆ 100ಕ್ಕಿಂತ ಹೆಚ್ಚು ಜಾರಿದ ಸೆನ್ಸರಿಗೂ ಇದೇ ಗತಿ, ಅದರ ಮೇಲೆ ಇನ್ನೊಂದು ಭಾನುವಾರ ಕಳೆಯಬೇಡಿ. ಹೊಸದು ಹಾಕಿದ ದಿನವೇ ಮಾಳಿಗೆಗೆ ಒಯ್ದು ಹೊರಗಿನ ಅಂಕಿ, ಒತ್ತಡ, ಉಷ್ಣಾಂಶ, ದಿನಾಂಕ ನಾಲ್ಕನ್ನೂ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ.